ಅಕ್ಕನಿಗೆ ಕೆರೆಯ ಮೇಲೆ ಕಂಡದ್ದು

ಹೊಸ ಪುಸ್ತಕದ ಅಂಟಿನ ವಾಸನೆ ನನಗೆ ಈಗಲೂ ಇಷ್ಟ. ಹೋದ ವಾರ ಹಾನಗಲ್ಲಿನ ಗ್ರಂಥಾಲಯದಲ್ಲಿ ಹಾಗೆ ಮೂಗಿಗೆ ಹಿಡಿದದ್ದು ಒಬ್ಬ ಗಗನಯಾತ್ರಿಯ ಆತ್ಮಕಥೆ. ನಲವತ್ತು ಪುಟ ಓದುವಷ್ಟರಲ್ಲಿ ಅವನ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ನಗಬೇಡಿ. ಮೂವತ್ತು ವರ್ಷ ಮಕ್ಕಳಿಗೆ ಗುರುತ್ವಾಕರ್ಷಣೆ ಕಲಿಸಿದವನಿಗೆ, ಅದರಿಂದ ತಪ್ಪಿಸಿಕೊಂಡು ಹೋಗಿಬಂದವನನ್ನು ಕಂಡರೆ ಹಾಗಾಗುತ್ತದೆ. ಕೊನೆಕೊನೆಗೆ ಆತ, ಹಾರುವ ತಟ್ಟೆಗಳು ಇರುವುದು ನಿಜ, ಬೇರೆ ಲೋಕದವರು ಇಲ್ಲಿಗೆ ಬಂದುಹೋಗುತ್ತಾರೆ ಎಂದು ಬರೆದಿದ್ದ. ಅಲ್ಲಿಗೆ ಪುಸ್ತಕ ಮುಚ್ಚಿದೆ. ಆಡೂರಿನ ಅಕ್ಕ ನೆನಪಾಗಿದ್ದಳು.

ಅಕ್ಕ ನಾಲ್ಕನೇ ಇಯತ್ತೆ ದಾಟಿದವಳಲ್ಲ. ನಾನೋ ಚಿಕ್ಕೇರೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ದೂರದರ್ಶಕ ತರಿಸಿಕೊಂಡು ವರ್ಷಗಟ್ಟಲೆ ಆಕಾಶ ನೋಡಿದವನು. ಕಂಡದ್ದು ಚಂದ್ರನ ಕುಳಿಗಳು. ಒಮ್ಮೆ ಹೊಸ ಗ್ರಹವೇ ಸಿಕ್ಕಿತೆಂದು ಉಬ್ಬಿದ್ದೆ, ಅದು ಗುಡ್ಡದ ಮೇಲಿನ ಟವರಿನ ದೀಪ.

ಬಹಳ ವರ್ಷಗಳ ಹಿಂದೆ, ಶಾಲೆಯ ಸೂಟಿಗೆಂದು ನಾನು ಅಕ್ಕನ ಮನೆಯಲ್ಲಿದ್ದಾಗ, ಸಂಜೆ ಹೊಲದಿಂದ ಬರುತ್ತಿದ್ದ ಅವಳಿಗೆ ಕೆರೆಯ ಮೇಲೆ ಏನೋ ಕಂಡಿತು. ಮರುದಿನ ಮನೆಯ ಕಟ್ಟೆಯ ತುಂಬ ಜನ.

"ತಾಟಿನಂಗ ಇತ್ರಿ. ಸಪ್ಪಳಿಲ್ಲ, ಏನಿಲ್ಲ. ನೀರಿನ ಮ್ಯಾಲ ಸುಮ್ಮನ ನಿಂತಿತ್ತು," ಎಂದು ಅಕ್ಕ ಹೇಳುತ್ತಿದ್ದಳು.

ಹಿರೇಕೆರೂರಿನಿಂದ ಬೀಗರೂ ಬಂದು ಬಾಯಿ ತೆರೆದು ಕೇಳಿದರು. ನಾನು ಅಲ್ಲೇ ಕುಳಿತಿದ್ದೆ. ಆಕಾಶದ ಮಾತಿಗೆ ಒಬ್ಬರಾದರೂ ನನ್ನ ಕಡೆ ತಿರುಗಬೇಕಲ್ಲ? ಇಷ್ಟು ವರ್ಷ ಕತ್ತೆತ್ತಿ ಕಾದವನು ನಾನು, ಬಗ್ಗಿ ಕಳೆ ತೆಗೆದು ಬಂದವಳಿಗೆ ಅದು ಕಾಣಬೇಕೇ ಎಂದು ಎದೆ ಉರಿಯಿತು.

ಮೂರನೆಯ ದಿನ ತಡೆಯಲಾಗಲಿಲ್ಲ. "ಅಕ್ಕಾ, ಅದು ಹವಾಮಾನದವರು ಬಿಡೋ ಬಲೂನು. ಓದಿದವರಿಗೆ ಗೊತ್ತಾಗತೈತಿ," ಎಂದೆ, ಎಲ್ಲರೆದುರಿಗೆ.

ಬಲೂನೋ ಅಲ್ಲವೋ, ನನಗೇನೂ ಗೊತ್ತಿರಲಿಲ್ಲ. ಜನ ನಕ್ಕರು. ಯಾರೋ "ಬಲೂನಕ್ಕ" ಎಂದರು. ಆ ಹೆಸರು ಅವಳಿಗೆ ಅಂಟಿಕೊಂಡೇಬಿಟ್ಟಿತು. ಆಮೇಲೆ ಅವಳು ಆ ಮಾತೆತ್ತಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೊನ್ನೆ ಭಾನುವಾರ ಪುಸ್ತಕ ಹಿಡಿದು ಆಡೂರಿಗೆ ಹೋದೆ. ಶೇಂಗಾ ಸುಲಿಯುತ್ತ ಕುಳಿತಿದ್ದ ಅಕ್ಕನಿಗೆ ಆ ಪುಟ ಓದಿ ಹೇಳಿದೆ.

"ಅಷ್ಟು ದೂರ ಹೋಗಿ ಬಂದಾಂವನೂ ನಂಬ್ತಾನಂತ?" ಎಂದಳು.

"ಹೂಂ. ಅಕ್ಕಾ, ಅವತ್ತ ನಾ ಬಲೂನು ಅಂದದ್ದು ಸುಳ್ಳು. ನಿನಗ ಕಂಡದ್ದು ನನಗ ಕಾಣಲಿಲ್ಲಂತ ಹೊಟ್ಟಿಕಿಚ್ಚು."

"ಅದು ನನಗ ಅವತ್ತ ತಿಳದಿತ್ತು ಬಿಡೋ." ಇನ್ನೆರಡು ಕಾಯಿ ಸುಲಿದಳು. "ಊರ ಮಂದಿ ಎಲ್ಲಾ ಬಂದು ಕೇಳಿದ್ರು. ನೀ ಒಬ್ಬಾಂವ ಕೇಳಲಿಲ್ಲ."

"ಈಗ ಹೇಳು. ಎಷ್ಟೊತ್ತು ನೋಡಿದಿ?"

"ಎಲ್ಲೀ ಹೊತ್ತು! ಕಂಡಕೂಡ್ಲೇ ನಿನ್ನ ಕರಿಯಾಕ ಓಡಿ ಬಂದೆ. ಇಂಥಾದ್ದು ನಮ್ಮ ತಮ್ಮ ನೋಡಬೇಕಂತ. ನೀ ಪುಸ್ತಕ ಓದಕೋತ ಬಿದ್ದಿದ್ದಿ. 'ಬರ್ತೇನಿ ತಡಿ' ಅಂದಿ. ನಾ ತಿರುಗಿ ಹೋಗೂದ್ರಾಗ ಅದು ಇರಲಿಲ್ಲ."

ನನಗೆ ಅದು ನೆನಪೇ ಇರಲಿಲ್ಲ. ಸಿಪ್ಪೆಗಳನ್ನು ಒಟ್ಟುಮಾಡತೊಡಗಿದೆ.

ಸಂಜೆಯ ಬಸ್ಸಿಗೆ ಹೋಗಲಿಲ್ಲ. ಅಕ್ಕನ ಜೊತೆ ಕೆರೆಯ ಏರಿಯ ತನಕ ನಡೆದೆ. "ಅಲ್ಲಿ," ಎಂದು ಕೈ ತೋರಿಸಿದಳು. ಅಲ್ಲಿ ಮೂರು ಕೊಕ್ಕರೆ ಬಿಟ್ಟರೆ ಏನೂ ಇರಲಿಲ್ಲ. ನೀರು ಕಪ್ಪಾಗುವ ತನಕ ಅವಳ ಪಕ್ಕದಲ್ಲೇ ನಿಂತು ನೋಡಿದೆ.