ಕಟ್ಟೆಯವರು ಇಟ್ಟ ಹೆಸರು

ಪರನಗುವಾ ಬಂದರಿನಲ್ಲಿ ದುಡಿಯುವವರಿಗೆಲ್ಲ ಎರಡು ಹೆಸರು. ಒಂದು ಪಾದ್ರಿ ನೀರು ಚಿಮುಕಿಸಿ ಇಟ್ಟದ್ದು, ಅದು ಸರ್ಕಾರದ ಉಪಯೋಗಕ್ಕೆ. ಇನ್ನೊಂದು ಬಂದರುಕಟ್ಟೆಯವರು ಇಟ್ಟದ್ದು, ಅದು ಬದುಕುವುದಕ್ಕೆ. ಕಟ್ಟೆಯವರು ಹೊಗಳಿ ಹೆಸರಿಟ್ಟದ್ದನ್ನು ಯಾರೂ ಕೇಳಿಲ್ಲ. ರೊಸಿಲ್ದಾಳ ಅಪ್ಪ ಅಂತೆನೊರ್ ಹರೆಯದಲ್ಲಿ ಪಂಥ ಕಟ್ಟಿ, ಒಟ್ಟಿಗೇ ಎರಡು ಕಾಫಿ ಮೂಟೆ ಹೊತ್ತು ಹಡಗಿನ ಹಲಗೆ ಹತ್ತಿದ, ಮೂಟೆಗಳ ಸಮೇತ ನೀರಿಗೆ ಬಿದ್ದ. ಅವತ್ತಿನಿಂದ ಅವನು ಜೋಡಿಮೂಟೆ.

ಅವನು ಸತ್ತ ದಿನ ಊರಿನ ರೇಡಿಯೋದವರು ‘ಅಂತೆನೊರ್ ಕೊರ್ದೇರು ನಿಧನ’ ಎಂದು ಬೆಳಿಗ್ಗೆಯಿಂದ ಓದಿದ್ದೇ ಓದಿದ್ದು. ಹೆಣದ ಮುಂದೆ ಹಾಕಿದ ಕುರ್ಚಿಗಳೆಲ್ಲ ಖಾಲಿ. ಜೀವಮಾನವಿಡೀ ಜೊತೆಗೆ ದುಡಿದವರು ಬಂದರಿನ ಹೋಟೆಲಿನಲ್ಲಿ ಕೂತು ಅದನ್ನು ಕೇಳಿ, ಯಾರೋ ಪಾಪ ಎಂದು ಕಾಫಿ ಹೀರುತ್ತಿದ್ದರು. ಕೊನೆಗೆ ಅವನ ಹೆಂಡತಿ ಅಲ್ಜಿರಾ ಬರಿಗಾಲಲ್ಲಿ ಬಂದರಿನ ಗೇಟಿಗೆ ಹೋದಳು. “ಜೋಡಿಮೂಟೆ ಹೋಗ್ಬಿಟ್ರು ಕಣ್ರೋ! ಹೆಣ ಹೊರೋಕೆ ನಾಲ್ಕ್ ಜನಾನೂ ಗತಿ ಇಲ್ವೇನ್ರೋ?” ಎಂದು ಕೂಗಿದಳು. ಸಂಜೆಗೆ ಅವರ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ರೊಸಿಲ್ದಾ ಆಗ ಚಿಕ್ಕವಳು. ಖಾಲಿ ಕುರ್ಚಿಗಳನ್ನು ಅವಳು ಮರೆಯಲಿಲ್ಲ.

ದೊಡ್ಡವಳಾಗಿ ಅದೇ ಕಟ್ಟೆಗೆ ಕೆಲಸಕ್ಕೆ ಸೇರಿದಳು. ಹಡಗಿನ ಮೇಲೆ ಕಂಟೇನರುಗಳು ಜಾರದಂತೆ ಕಬ್ಬಿಣದ ಸರಳು ಬಿಗಿಯುವ ಕೆಲಸ. ರಟ್ಟೆ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಗ್ಯಾಂಗಿನ ಮೇಸ್ತ್ರಿ ಮುಗುಡು. ಮುಗುಡು ಮೀನಿಗಿರುವಂತೆ ಎರಡೂ ಕಡೆ ಇಳಿಬಿದ್ದ ಮೀಸೆ, ಪಾದ್ರಿ ಇಟ್ಟ ಹೆಸರು ಅವನಿಗೇ ನೆನಪಿತ್ತೋ ಇಲ್ಲವೋ. ಅವನು ಎಲ್ಲರನ್ನೂ ಏನೋ, ಎಂತದೋ ಎನ್ನುತ್ತಿದ್ದವನು, ರೊಸಿಲ್ದಾಳಿಗೆ ಮಾತ್ರ, “ಅಮ್ಮಾವ್ರೇ, ಸ್ವಲ್ಪ ಆ ಸರಳು ಕೊಡ್ತೀರಾ?” ಎನ್ನುತ್ತಿದ್ದ. ಉಳಿದವರೂ ಹಾಗೆಯೇ. ಅವಳಿಗೊಂದು ಹೆಸರನ್ನು ಯಾರೂ ಇಟ್ಟಿರಲಿಲ್ಲ. ಹೊರಗಿನವರಿಗೆ ಇದು ಎಂಥಾ ಮರ್ಯಾದೆ ಅನ್ನಿಸಬಹುದು. ಆ ಮರ್ಯಾದೆಗೆ ಬೆಂಕಿ ಬೀಳಲಿ! ಕಟ್ಟೆಯವರು ಅಮ್ಮಾವ್ರೇ ಎನ್ನುವುದು ಟಿಕೆಟ್ ತೋರಿಸಿ ಹಡಗು ಹತ್ತುವ ಹೆಂಗಸರಿಗೆ. ವರ್ಷಗಟ್ಟಲೆ ಬೆವರು ಸುರಿಸಿದ ಮೇಲೂ ತಾನು ಬಂದು ಹೋಗುವವಳೇ ಎಂಬುದು ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅಷ್ಟರಲ್ಲಿ ರಾಜ್ಯ ಸರ್ಕಾರಕ್ಕೆ ಎಚ್ಚರವಾಯಿತು. ಸುಗ್ಗಿ ಬಂತೆಂದರೆ ಸೋಯಾ ಲಾರಿಗಳು ಹೆದ್ದಾರಿಯಲ್ಲೇ ಸಾಲು ನಿಂತು ಚಾಲಕರು ಅಲ್ಲೇ ಒಲೆ ಹೂಡುತ್ತಿದ್ದ ಕಾಲವದು. ದೊಡ್ಡ ಹಡಗುಗಳು ಕೊಲ್ಲಿಯ ಬಾಯಿಯಲ್ಲಿ ನೀರಿನ ಆಳ ನೋಡಿ ಮುಂದಿನ ರಾಜ್ಯಕ್ಕೆ ತಿರುಗಿಬಿಡುತ್ತಿದ್ದವು. ಈಗ ಹೂಳೆತ್ತಿದರು, ಲಾರಿಗಳಿಗೆ ಬೇರೆ ತಾಣ ಮಾಡಿದರು, ಬೆಟ್ಟದಿಂದ ಇಳಿಯುವ ರೈಲು ಹಳಿಯನ್ನು ಕಟ್ಟೆಯ ತನಕ ಎಳೆದರು. ಇಗರ್ಜಿಯ ಗೋಪುರವನ್ನು ಕುಬ್ಜ ಮಾಡುವ ಕ್ರೇನುಗಳು ಬಂದವು. ಅವನ್ನು ನಡೆಸುವ ತರಬೇತಿಗೆ ಗಂಡಸರ ಜೊತೆ ರೊಸಿಲ್ದಾಳೂ ಕೂತಳು, ಎಲ್ಲರಿಗಿಂತ ಮೊದಲು ಪಾಸಾದಳು. ಹೊಸ ಕಟ್ಟೆಗೆ ಬರುವ ಮೊದಲ ದೊಡ್ಡ ಹಡಗಿಗೆ ಮೊದಲ ಕಂಟೇನರ್ ಏರಿಸುವವಳು ಅವಳೇ ಎಂದು ತೀರ್ಮಾನವಾಯಿತು. “ಅಮ್ಮಾವ್ರು ಇನ್ನೂ ಮೇಲಕ್ಕೆ ಹೋದ್ರು,” ಎಂದ ಮುಗುಡು.

ಆ ದಿನಕ್ಕೆಂದು ಅಲ್ಜಿರಾ ಬಾರೆಯಾದು ಎಂಬ ಮಾಂಸದಡುಗೆ ಮಾಡಿದಳು. ದನದ ಮಾಂಸವನ್ನು ಹಳೆಯ ಮಣ್ಣಿನ ಮಡಕೆಗೆ ತುಂಬಿ, ಉಗಿ ಹೋಗದಂತೆ ಮುಚ್ಚಳದ ಸುತ್ತ ಮರಗೆಣಸಿನ ಹಿಟ್ಟು ಮೆತ್ತಿ, ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೇಯಿಸಿದಳು. ಗಂಡನಿಗೆ ಬುತ್ತಿ ಕಳಿಸುತ್ತಿದ್ದದ್ದೂ ಅದೇ ಮಡಕೆಯಲ್ಲಿ. ಬೆಳಿಗ್ಗೆ ಮುಗುಡು ಬಂದು ಗ್ಯಾಂಗಿಗೆಂದು ಅದನ್ನು ಹೊತ್ತೊಯ್ದ. ಆದರೆ ಕಟ್ಟೆಯ ಮೇಲೆ ಕಾವಲಿನವರು, ದೊಡ್ಡವರು ಬರುತ್ತಾರೆಂದು ಕಂಡದ್ದನ್ನೆಲ್ಲ ಎತ್ತಿ ಎಸೆಯುತ್ತಿದ್ದರು. ಮುಗುಡು ತಲೆ ಓಡಿಸಿದ. ಲಾರಿಯ ಮೇಲೆ ಸುಮ್ಮನೆ ನಿಂತಿದ್ದ ಕಂಟೇನರಿಗೆ ಏಣಿ ಹಾಕಿ, ಅದರ ನೆತ್ತಿಯ ಅಂಚಿನಲ್ಲಿ ಮಡಕೆಯಿಟ್ಟ. ಬಿಸಿಲಿಗೆ ಕಾದ ತಗಡು, ಊಟ ಬಿಸಿಯಾಗಿಯೇ ಇರುತ್ತದೆ ಎಂದುಕೊಂಡು ಹಡಗು ಹತ್ತಿದ. ಅವನು ಅತ್ತ ಹೋದದ್ದೇ ತಡ, ಸಮಾರಂಭದವರು ಕೆಳಗೆ ನಿಂತೇ ಅದೇ ಕಂಟೇನರಿನ ಅಂಚಿಗೆ ರಾಜ್ಯದ ಬಾವುಟ ಹೊದಿಸಿದರು, ಮಡಕೆ ಅದರಡಿ ಮುಚ್ಚಿಹೋಯಿತು. ಮೊದಲು ಏರಬೇಕಾದದ್ದು ಅದೇ ಆಗಿತ್ತು.

ಬ್ಯಾಂಡ್ ಬಾರಿಸಿತು. ಮೇಲೆ ಗಾಜಿನ ಕೋಣೆಯಲ್ಲಿ ಕೂತ ರೊಸಿಲ್ದಾ ಕಂಟೇನರನ್ನು ಹಿಡಿದು ಎತ್ತಿದಳು. ಅದು ಹಡಗಿನತ್ತ ಸಾಗುವಾಗ ಕೊಲ್ಲಿಯ ಗಾಳಿ ಬೀಸಿ ಬಾವುಟದ ಅಂಚು ಮಗುಚಿತು. ಮುಕ್ಕಾದ ಕಂಠದ ಕರಿ ಮಡಕೆ! ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ಮುಂದೆ ಹಡಗಿನ ಮೇಲೆ ಅವಳದೇ ಗ್ಯಾಂಗು ತಲೆಯೆತ್ತಿ ನಿಂತಿತ್ತು. ಅಷ್ಟು ಎತ್ತರದಿಂದ ಮಡಕೆ ಜಾರಿದರೆ ಒಂದು ಜೀವ ಹೋದ ಹಾಗೆಯೇ. ಅವಳು ಕ್ರೇನ್ ನಿಲ್ಲಿಸಿದಳು.

“ರೊಸಿಲ್ದಾ ಕೊರ್ದೇರು, ಯಾಕೆ ನಿಲ್ಲಿಸಿದ್ರಿ?” ವಾಕಿಟಾಕಿಯಲ್ಲಿ ಕಂಟ್ರೋಲ್ ರೂಮಿನ ಹೆಂಗಸು ಕೇಳಿದಳು.

“ತಡೀರಿ. ಮಡಕೆ ಇದೆ.”

“ಏನಿದೆ?”

“ಮಡಕೆ ರೀ, ಊಟದ್ದು! ಕಂಟೇನರ್ ಡಬ್ಬದ ಮೇಲೆ ಕೂತಿದೆ!”

“ಅಯ್ಯೋ ದೇವ್ರೇ,” ಮುಗುಡಿನ ದನಿ ನಡುವೆ ನುಗ್ಗಿತು, “ಅಮ್ಮಾವ್ರೇ, ಅದು ನಂದು! ಅಲ್ಲ, ನಿಮ್ಮಮ್ಮಂದು! ಏ, ಎಲ್ರೂ ಆಚೆ ಸರೀರೋ!”

ಬ್ಯಾಂಡಿನವರಿಗೆ ಇದೆಲ್ಲ ಎಲ್ಲಿ ಗೊತ್ತು, ಬಾರಿಸುತ್ತಲೇ ಇದ್ದರು. ರೊಸಿಲ್ದಾ ಡಬ್ಬದ ತೂಗಾಟ ನಿಲ್ಲುವವರೆಗೂ ಕಾದಳು. ಆಮೇಲೆ ಬಂದ ದಾರಿಯಲ್ಲೇ ಹಿಂದೆ ತಂದು, ತುಂಬಿದ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸುವ ಹಾಗೆ ಲಾರಿಯ ಮೇಲೆ ಇಳಿಸಿದಳು. ಟಕ್ ಎಂಬ ಸದ್ದೂ ಬರಲಿಲ್ಲ.

ಮುಗುಡು ಓಡಿ ಬಂದು ಏಣಿ ಹತ್ತಿದ. ಮಡಕೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದ. ಮೆತ್ತಿದ ಹಿಟ್ಟಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಕಟ್ಟೆಯ ತುಂಬ ಸಿಳ್ಳೆಯೋ ಸಿಳ್ಳೆ. ವಾಕಿಟಾಕಿಯಲ್ಲಿ ಮುಗುಡಿನ ದನಿ ಗರಗರ ಎಂದಿತು.

“ಏ ಮಡಕೆ! ಒಂಚೂರೂ ಬಿರುಕು ಬಿಟ್ಟಿಲ್ಲ ಕಣೇ! ಈಗ ಎತ್ತೇ, ನಿನ್ ಕೈಗುಣ ಊರೆಲ್ಲಾ ನೋಡ್ಲಿ!”

ಏ. ಕಣೇ. ಎತ್ತೇ. ರೊಸಿಲ್ದಾ ಮೇಲೆ ಒಬ್ಬಳೇ ಕೂತು, ಕೇಳಿದ್ದು ನಿಜವೇ ಎಂದು ಕಾದಳು.

“ಚಾನೆಲ್ಲಿನಲ್ಲಿ ನೋಂದಾಯಿತ ಹೆಸರು ಮಾತ್ರ ಬಳಸಬೇಕು,” ಎಂದಳು ಕಂಟ್ರೋಲ್ ರೂಮಿನವಳು.

“ಅದೇ ಬಳಸಿದ್ದು ತಾಯಿ,” ಎಂದ ಮುಗುಡು. “ಈಗ ತಾನೇ ನೋಂದಾಯಿಸಿದ್ವಿ.”

ಮಡಕೆ ಕಣ್ಣೊರೆಸಿಕೊಂಡು ಎತ್ತಿದಳು. ಒಂದಾದ ಮೇಲೊಂದು ಡಬ್ಬಗಳು ಏರಿದವು. ನಮ್ಮ ಊರು ಕಂಡು ಕೇಳರಿಯದಷ್ಟು ಭಾರ ಹೊತ್ತು ಆ ಹಡಗು ಸಂಜೆ ಹೊರಟಿತು. ಜೋಡಿಮೂಟೆ ಎಂದೋ ಮುಳುಗೆದ್ದ ನೀರಿನ ಮೇಲೆಯೇ ಅದು ನೆಲ ತಾಗದೆ ತೇಲಿಹೋಯಿತು. ಅಪ್ಪ ನೋಡಬೇಕಿತ್ತು ಅಂದುಕೊಂಡಳು ಅವಳು.

ಮನೆಗೆ ಬಂದಾಗ ಅಲ್ಜಿರಾ ಬಾಗಿಲಲ್ಲೇ ನಿಂತಿದ್ದಳು. ಮಗಳ ಬರಿಗೈ ನೋಡಿದಳು. ಮಡಕೆ ಇನ್ನೂ ಗ್ಯಾಂಗಿನವರ ಬಳಿಯೇ ಇತ್ತು, ಅವರು ತಳ ಕೆರೆಯುತ್ತಿದ್ದರು.

“ಮಡಕೆ ಎಲ್ಲೇ?”

“ಇಲ್ಲೇ ಇದೀನಲ್ಲಮ್ಮ.”

ಮುದುಕಿ ಒಂದು ಗಳಿಗೆ ಮಿಕಿಮಿಕಿ ನೋಡಿದಳು. ಗೇಟಿನ ಮುಂದೆ ಬರಿಗಾಲಲ್ಲಿ ಕೂಗಿದವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಸದ್ಯ ಕಣೇ,” ಎಂದಳು. “ನಿನ್ನ ಹೊರೋಕೆ ಇನ್ನು ಯಾರೂ ಗೇಟಿಗೆ ಹೋಗಿ ಕೂಗ್ಬೇಕಾಗಿಲ್ಲ.”