ಕಾಫಿಗೆ ಕಿರುಗಾವಲು ಎಂದ ಮಾವ

ಮೊನ್ನೆ ಮಳವಳ್ಳಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಹೊರಟ ಬಸ್ಸೊಂದರ ಡೀಸೆಲ್ ಹೊಗೆ ಮೂಗಿಗೆ ಬಡಿಯುತ್ತಲೇ ನಮ್ಮ ಪಕ್ಕದ ಮನೆಯ ಕಂಡಕ್ಟರ್ ಮಾವ ನೆನಪಾದರು. ಅವರ ನೌಕರಿಯೆಲ್ಲ ಮೈಸೂರು ಬಸ್ಸಿನಲ್ಲೇ ಕಳೆದಿತ್ತು. ನಿವೃತ್ತರಾದ ಮೇಲೂ ದನಿ ತಗ್ಗಿರಲಿಲ್ಲ. ಅತ್ತೆಯನ್ನು ಕಾಫಿ ಕೇಳಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಅವರ ಎಡಗಣ್ಣಿಗೆ ಪರದೆ ಇಳಿದಂತಾಗಿ, ಬಲಗೈಯಲ್ಲಿದ್ದ ಲೋಟ ಜಾರಿ ಬಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋದರೂ ಅತ್ತೆ ಬಿಡದೆ ಮೈಸೂರಿಗೆ ಕರೆದೊಯ್ದರು. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ ಕೊಬ್ಬು ಕಟ್ಟಿಕೊಂಡು ಕಿರಿದಾಗಿತ್ತಂತೆ. ಆಪರೇಷನ್ ಮಾಡಿ ಬಿಡಿಸಿದರು. ಕತ್ತಿಗೆ ಪಟ್ಟಿ ಹಾಕಿಸಿಕೊಂಡು ಬಂದ ಮಾವ ಮೊದಲಿನಂತೆಯೇ ಗದರುತ್ತಿದ್ದರು. ನಾವೆಲ್ಲ ನಿರಾಳವಾಗಿದ್ದೆವು...

ಆ ವಾರವೇ ತಲೆಯ ಎಡಭಾಗದಲ್ಲಿ ಸಿಡಿಯುವಂಥ ನೋವು ಶುರುವಾಯಿತು. ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಫಿಟ್ಸ್ ಬಂತು. ನಮ್ಮ ಯಜಮಾನರೇ ಕಾರಿನಲ್ಲಿ ಮತ್ತೆ ಮೈಸೂರಿಗೆ ಕರೆದೊಯ್ದರು. ಕಡಿಮೆ ರಕ್ತಕ್ಕೆ ಒಗ್ಗಿಹೋಗಿದ್ದ ಮಿದುಳಿಗೆ ಒಮ್ಮೆಲೇ ರಭಸವಾಗಿ ರಕ್ತ ನುಗ್ಗಿ ಊತ ಬಂದಿದೆ, ಮೊದಲು ಬಿ.ಪಿ. ಇಳಿಸಬೇಕು ಎಂದರು ಡಾಕ್ಟರು. ಜೀವವೇನೋ ಉಳಿಯಿತು. ಮಾತು ಹೋಯಿತು.

ಮನೆಗೆ ಬಂದ ಮೇಲೆ ಒಂದೊಂದೇ ಪದ ಹೊರಟರೂ, ಏನೋ ಹೇಳಹೋದರೆ ಇನ್ನೇನೋ ಬಾಯಿಗೆ ಬರುತ್ತಿತ್ತು. ಒಂದು ಸಂಜೆ ನಾನೂ ಅಲ್ಲೇ ಇದ್ದೆ. ಒಳಗಿನಿಂದ ಕಾಫಿ ಘಮಘಮಿಸುತ್ತಿತ್ತು. ಮಾವ ಅದನ್ನು ಕೇಳಲು ಒದ್ದಾಡಿ, ಕೊನೆಗೆ "ಕಿರುಗಾವಲು" ಎಂದರು. ಬಸ್ಸಿನಲ್ಲಿ ದಿನವೂ ಕೂಗುತ್ತಿದ್ದ ಸ್ಟಾಪಿನ ಹೆಸರು. ತಪ್ಪಿತೆಂದು ಅವರಿಗೇ ಗೊತ್ತಾಗಿ ಕಣ್ಣು ತುಂಬಿ ಬಂತು. ಅತ್ತೆ ಕಾಫಿ ತಂದು ಮುಂದೆ ಹಿಡಿದರು.

"ತಕ, ಕಿರುಗಾವಲು ಬಂತು. ಇಳಿಯಪ್ಪ."

ಮಾವ ಗಟ್ಟಿಯಾಗಿ ನಕ್ಕುಬಿಟ್ಟರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ...

ಅಂದಿನಿಂದ ಅತ್ತೆ ಸೌಟು, ಚಾಪೆ, ಬೆಂಡೆಕಾಯಿ, ಕೈಗೆ ಸಿಕ್ಕಿದ್ದನ್ನೆಲ್ಲ ತೋರಿಸಿ ಹೆಸರು ಹೇಳಿಸತೊಡಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮಾತು ಹೆಚ್ಚುಕಡಿಮೆ ಮರಳಿತು. ಸರಿಯಾಗಿ ಆಡಿದ ಮೊದಲ ಪೂರ್ತಿ ಮಾತೇ ಬೈಗುಳ: "ಲೇ, ಸಾರಿಗೆ ಉಪ್ಪೇ ಆಕಿಲ್ಲ ಕಣೇ!" ಅತ್ತೆ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು. ಆಮೇಲೂ ಮಾವ ಬೇಕೆಂದೇ ಕಾಫಿಗೆ ಕಿರುಗಾವಲು ಎನ್ನುತ್ತಿದ್ದರು.

ಹಾಗೆಯೇ ಕೆಲವು ವರ್ಷ ಚೆನ್ನಾಗಿ ಬಾಳಿದರು. ಕಳೆದ ಚಳಿಗಾಲದಲ್ಲಿ, ನಿದ್ದೆಯಲ್ಲೇ ಹೋದರು.

ಈಗ ಸಂಜೆ ಅತ್ತೆ ನಮ್ಮ ಮನೆಗೆ ಬಂದು ಕೂರುತ್ತಾರೆ, ಸೊಪ್ಪು ಬಿಡಿಸಿಕೊಡುತ್ತಾರೆ. ನಿನ್ನೆ ಹೇಳಿದರು: "ನಂಗೇನೂ ಕೊರಗಿಲ್ಲ ಬುಡವ್ವ, ಸಂದಾಗೇ ಬಾಳುದ್ವು. ಆದ್ರೂ ಮನೇಲಿ ಸದ್ದೇ ಇಲ್ದಂಗಾಗದೆ."

ನಾನು ಟೀವಿ ಹಾಕಲು ಎದ್ದೆ. ಬೇಡವೆಂದು ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು.