ಥರ್ಮೋಸ್ಟಾಟಿಗೆ ಅರಿಶಿಣ

ಒಳಗಿನ ತಾಪವನ್ನು ನಿಗ್ರಹಿಸಿದವನೇ ಜಗತ್ತನ್ನು ಗೆದ್ದವನೆಂದು ಹಿರಿಯರು ಯುಗಯುಗಗಳಿಂದ ಸಾರುತ್ತ ಬಂದಿದ್ದಾರೆ. ಆ ಹಿರಿಯರಲ್ಲಿ ಒಬ್ಬರಾದರೂ ಹಳೆಯ ಕಾರೊಂದನ್ನು ಸಾಕಿಕೊಂಡು ಚಿತ್ರದುರ್ಗದಲ್ಲಿ ಸಂಸಾರ ಮಾಡಿದಂತೆ ತೋರುವುದಿಲ್ಲ.

ನನ್ನ ಕಾರಿನಲ್ಲಿ ಈ ತಾಪನಿಗ್ರಹದ ಹೊಣೆ ಹೊತ್ತಿರುವುದು ಥರ್ಮೋಸ್ಟಾಟ್ ಎಂಬ ಪುಟ್ಟ ವಾಲ್ವು. ಇಂಜಿನ್ನಿನ ನೀರು ಹದವಾಗಿ ಕಾಯುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಕಾದ ಮೇಲೆ ಬಾಯಿ ತೆರೆದು ತಣಿಯಲೆಂದು ರೇಡಿಯೇಟರಿನತ್ತ ಬಿಡುವುದಷ್ಟೇ ಅದರ ಕಾಯಕ. ಇಂಥ ಶೀಲವಂತರು ನಮ್ಮ ಬಂಧುಬಳಗದಲ್ಲಿ ಒಬ್ಬರೂ ಇಲ್ಲ. ಅದನ್ನು ಕೂರಿಸಿರುವ ಪ್ಲಾಸ್ಟಿಕ್ ಗೂಡು ಬಿರುಕುಬಿಟ್ಟು ಸೋರತೊಡಗಿದ್ದು, ಬಾಗೂರಿನಲ್ಲಿ ನನ್ನ ಹೆಂಡತಿಯ ಅಕ್ಕನ ಹೊಸಮನೆಯ ಗೃಹಪ್ರವೇಶದ ಹಿಂದಿನ ದಿನ. ಅಕ್ಕನ ಯಜಮಾನರು, ಎಂದರೆ ನನ್ನ ಷಡ್ಡಕರು, ಫೋನಿನಲ್ಲಿ ಕರುಣಾರಸ ಹರಿಸಿದರು: “ಏನಪ್ಪ, ನಿನ್ನ ಗುಜರಿ ಬಾಗೂರು ಮುಟ್ತತಾ? ಇಲ್ಲಾಂದ್ರೆ ಹೇಳು, ನಮ್ಮ ಹೊಸ ಕಾರು ಕಳಿಸ್ತೀನಿ.”

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಹೆಂಡತಿ ಅಲ್ಲೇ ಶಪಥ ಮಾಡಿದಳು. “ಅವರ ಕಾರು ಹತ್ತೋದಕ್ಕಿಂತ ನಡ್ಕಂಡು ಹೋಗ್ತೀನಿ. ಹಾಲುಕ್ಕೋ ಹೊತ್ತಿಗೆ ನಾನು ಅಕ್ಕನ ಪಕ್ಕ ನಿಂತಿರ್ಬೇಕು, ಅಷ್ಟೇ.”

ಮೆಕ್ಯಾನಿಕ್ ಊರಿನಲ್ಲಿರಲಿಲ್ಲ. ಹೊಸ ಗೂಡು ತಂದು, ಪಂಚೆ ಎತ್ತಿಕಟ್ಟಿ, ಮನೆಯಂಗಳದಲ್ಲೇ ರಿಪೇರಿಗೆ ಇಳಿದೆ. ನಮ್ಮಲ್ಲಿ ಬಾನೆಟ್ ಎತ್ತುವುದೆಂದರೆ ಬೀದಿಗೆಲ್ಲ ಆಮಂತ್ರಣ ಹಂಚಿದಂತೆ. ಮೊದಲು ದಯಮಾಡಿಸಿದವರು ಪಕ್ಕದ ಮನೆಯ ತಿಪ್ಪೇಸ್ವಾಮಿ. ಮತ್ತೋಡಿನ ತಮ್ಮ ಹೊಲದಲ್ಲಿ ಅವರದೊಂದು ಡೀಸೆಲ್ ಪಂಪ್‌ಸೆಟ್ ಇದೆ. ಆ ಒಂದರ ಪರಿಚಯಬಲದಿಂದ ವಿಮಾನದವರೆಗಿನ ಸಕಲ ಯಂತ್ರಗಳ ಮೇಲೂ ಅವರು ತೀರ್ಪು ಕೊಡಬಲ್ಲರು.

“ಇದೇನ್ರಿ ಸ್ವಾಮಿ?” ಎಂದು ವಾಲ್ವನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿದರು. ಅದರ ಕೆಲಸ ವಿವರಿಸಿದೆ. “ನೀರು ತಡೀತೈತಾ? ನಮ್ಮ ದುರ್ಗದ ಬಿಸಿಲಿಗೆ ನೀರು ತಡೆಯೋದೊಂದು ಬೇರೆ ಕೇಡು! ತಗದ್ ಒಗೀರಿ ಅತ್ಲಾಗೆ.”

ಕಣ್ಣಿಗೆ ಕಾಣದ ಕೆಲಸ ಕೆಲಸವೇ ಅಲ್ಲವೆಂಬುದು ನಮ್ಮ ಜಿಲ್ಲೆಯ ಯಂತ್ರಶಾಸ್ತ್ರ. ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಹೀಗೆ ವಾಲ್ವು ಕೀಳಿಸಿಕೊಂಡ ಬೋಳು ಇಂಜಿನ್ನುಗಳು ಎಷ್ಟೋ. ನಾನು ಹಟ ಹಿಡಿದು ವಾಲ್ವನ್ನು ಉಳಿಸಿದೆ. ಹೊಸ ಗೂಡಿನಲ್ಲಿ ಶಾಸ್ತ್ರೋಕ್ತವಾಗಿ ಪ್ರತಿಷ್ಠಾಪಿಸಿ ಬೋಲ್ಟು ಬಿಗಿದೆ. ಅಂಚಿನಲ್ಲಿ ಒಂದು ಹನಿ ಕಾಣಿಸಿತು. ಇನ್ನೊಂದು ಸುತ್ತು ತಿರುಗಿಸಿದ್ದರೆ ಮುಗಿಯುತ್ತಿತ್ತು.

“ಒಂದ್ ಹಿಡಿ ಅರಿಶಿಣ ಹಾಕ್ರಿ ರೇಡಿಯೇಟ್ರಿಗೆ,” ಎಂದರು ತಿಪ್ಪೇಸ್ವಾಮಿ, “ಸೋರೋದು ನಿಂತೋಗ್ತತೆ. ಲಾರಿಯೋರೆಲ್ಲ ಅದನ್ನೇ ಹಾಕಾದು.”

ನೀವೇ ಹೇಳಿ, ಒಂದು ಮಾತನ್ನು ತಳ್ಳಿಹಾಕಿದ ಮೇಲೆ ಇನ್ನೊಂದನ್ನಾದರೂ ನಡೆಸಿಕೊಡದಿದ್ದರೆ ನೆರೆಹೊರೆಯ ಧರ್ಮ ಉಳಿದೀತೇ? ಹೂಂ ಎಂದೆ. ಅಡುಗೆಮನೆಯಿಂದ ಅರಿಶಿಣ ತಂದ ಹೆಂಡತಿ, ಮಂಗಳಕಾರ್ಯಕ್ಕೆ ಹೊರಟ ಗಾಡಿಯೆಂದು ತನ್ನ ಲೆಕ್ಕದಲ್ಲಿ ಮತ್ತೊಂದು ಹಿಡಿ ಸೇರಿಸಿದಳು.

ಮರುದಿನ ನಸುಕಿನಲ್ಲಿ ಹೊರಟೆವು. ರೇಡಿಯೇಟರಿನ ತುಕ್ಕೂ ಅರಿಶಿಣವೂ ಕಲೆತು ಗೊಜ್ಜಾಗಿ ನನ್ನ ಶೀಲವಂತ ವಾಲ್ವಿನ ಬಾಯಿಗೆ ಮೆತ್ತಿಕೊಂಡು, ಅದು ಶಾಶ್ವತ ಮೌನವ್ರತ ಹಿಡಿಯಿತು. ಬಾಗೂರಿನಲ್ಲಿ ಹಾಲು ಉಕ್ಕುವ ಮೊದಲೇ ಹೊಳಲ್ಕೆರೆಯ ಬಳಿ ನನ್ನ ಕಾರು ಉಕ್ಕಿತು. ಬಾನೆಟ್ಟು, ರಸ್ತೆ, ನನ್ನ ಬಿಳಿಪಂಚೆ, ಎಲ್ಲವೂ ಹಳದಿ.

“ಹಾಕ್ರಿ, ಇನ್ನೊಂದ್ ಹಿಡಿ ಹಾಕ್ರಿ,” ಎಂದು ಹೆಂಡತಿ ಸೀರೆಯ ನೆರಿಗೆ ಹಿಡಿದು ಬಾಗೂರಿನ ಕಡೆ ಹೋಗುವ ಹೊಸದುರ್ಗದ ಬಸ್ಸಿಗೆ ಕೈ ಅಡ್ಡ ಹಾಕಿದಳು. ನಾನು ತಿಪ್ಪೇಸ್ವಾಮಿಯವರಿಗೆ ಫೋನು ಮಾಡಿ ನನ್ನ ಒಳಗಿನ ತಾಪವನ್ನು ನಿಗ್ರಹವಿಲ್ಲದೆ ಸುರಿದೆ. ಪೂರ್ತಿ ಕೇಳಿಸಿಕೊಂಡು ಅವರು ಸಮಾಧಾನದಿಂದ ಹೇಳಿದರು: “ನಾನ್ ನಿನ್ನೆನೇ ಬಡ್ಕಂಡ್ನಲ್ರಿ, ಆ ವಾಲು ತಗದ್ ಒಗೀರಿ ಅಂತ!”

ಹಾಲುಕ್ಕುವ ಹೊತ್ತಿಗೆ ಹೆಂಡತಿ ಅಕ್ಕನ ಪಕ್ಕ ನಿಂತಿದ್ದಳು. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಷಡ್ಡಕರು ಹೊಸ ಕಾರಿನಲ್ಲಿ ಬಂದು, ನನ್ನ ಕಾರಿಗೆ ಹಗ್ಗ ಕಟ್ಟಿ, ಬಾಗೂರಿನವರೆಗೂ ಎಳೆದೊಯ್ದರು.